ಹಳೆಯ ವ್ಯಾನೂ ಆಪ್ತವಾಕ್ಯವೂ

ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ, ಸಂಜೆಯ ಹೊತ್ತು ಆಸಕ್ತಿಯುಳ್ಳ ನಾಲ್ಕಾರು ಹುಡುಗರನ್ನು ಕೂರಿಸಿಕೊಂಡು ತರ್ಕಸಂಗ್ರಹದ ಪಾಠವನ್ನು ಹೇಳಿ, ಪರ್ವತದ ಮೇಲಣ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಅನುಮಾನಿಸುವ ಕ್ರಮವನ್ನು ಅವರ ಬಾಯಲ್ಲಿ ನೂರು ಸಲ ಹೇಳಿಸಿದ್ದ ನನಗೆ, ಹೊಗೆಯ ಬಣ್ಣವನ್ನು ನೋಡಿ ಬೆಂಕಿಯ ಆರೋಗ್ಯವನ್ನೂ ತಿಳಿಯಬಹುದೆಂಬ ವಿಷಯವು ಗೊತ್ತಾದದ್ದು ನಿವೃತ್ತಿಯ ಅನಂತರ, ಒಂದು ಗ್ಯಾರೇಜಿನ ಮುಂದೆ, ಮೈಯೆಲ್ಲ ಗ್ರೀಸು ಬಳಿದುಕೊಂಡಿದ್ದ ಒಬ್ಬ ಮೇಸ್ತ್ರಿಯ ಬಾಯಿಂದ. ನೀಲಿಯ ಹೊಗೆ ಬಂದರೆ ಇಂಜಿನ್ನು ಆಯಿಲ್ ಕುಡಿಯುತ್ತಿದೆ, ರಿಂಗುಗಳು ಸವೆದಿವೆ. ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ. ಬಿಳಿಯ ಹೊಗೆ ಬಿಡದೆ ಬರುತ್ತಿದ್ದರೆ ಇಂಜಿನ್ನನ್ನು ತಣಿಸುವ ನೀರು ಒಳಕ್ಕೆ ಇಳಿಯುತ್ತಿದೆ. ತರ್ಕಸಂಗ್ರಹವನ್ನು ಬರೆದ ಅನ್ನಂಭಟ್ಟನು ಹೊಗೆಗೆ ಬಣ್ಣವನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಅವನಿಗೆ ಬೀಳಲಿಲ್ಲ, ಏಕೆಂದರೆ ಆ ಪರ್ವತವನ್ನು ಅವನು ಹಣ ಕೊಟ್ಟು ಕೊಳ್ಳಬೇಕಾಗಿರಲಿಲ್ಲ.

ಪ್ರಸಂಗವು ಹೀಗೆ. ನನ್ನ ತಮ್ಮನ ಮಗನು ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಸಿಕೊಡುವ ವೃತ್ತಿಯವನು. ಕೊಪ್ಪರಿಗೆ ಬಾಣಲೆಗಳನ್ನು ಬಾಡಿಗೆಯ ಗಾಡಿಯಲ್ಲಿ ಸಾಗಿಸಿ ಸಾಗಿಸಿ, ಸಂಪಾದನೆಯಲ್ಲಿ ದೊಡ್ಡ ಪಾಲನ್ನು ಗಾಡಿಯವನಿಗೇ ತೆತ್ತು ಬೇಸತ್ತವನು, ಹಳೆಯದಾದರೂ ಚಿಂತೆಯಿಲ್ಲ, ಸ್ವಂತದ್ದೊಂದು ವ್ಯಾನು ಬೇಕೆಂದು ನಿಶ್ಚಯಿಸಿದನು. ಅವನ ಕೈಯಲ್ಲಿದ್ದುದು 1,50,000 ರೂಪಾಯಿ. ಅದರಲ್ಲಿ ಅರ್ಧವು ಹೆಂಡತಿಯ ಬಳೆಗಳನ್ನು ಅಡವಿಟ್ಟು ತಂದದ್ದು. "ದೊಡ್ಡಪ್ಪ, ನೀವೊಬ್ಬರು ಜೊತೆಗೆ ಬನ್ನಿ, ಮೋಸ ಹೋಗಬಾರದು" ಎಂದು ಕರೆದನು. ತರ್ಕವನ್ನು ಓದಿದವನಿಗೆ ಮೋಸ ಮಾಡುವುದು ಕಷ್ಟವೆಂಬ ಆ ಹುಡುಗನ ಭ್ರಮೆಯನ್ನು ಕಳೆಯುವ ಮನಸ್ಸು ನನಗೆ ಬರಲಿಲ್ಲ, ಹೋದೆನು. ಧನವಂತನಾದವನು ಕೆಟ್ಟ ಗಾಡಿಯೊಂದನ್ನು ಕೊಂಡರೆ ಅದನ್ನು ಮಾರಿ ಮತ್ತೊಂದನ್ನು ಕೊಳ್ಳುವನು, ಕಥೆಯಾಗಿ ಸ್ನೇಹಿತರಿಗೆ ಹೇಳಿ ನಗುವನು. ಇವನಿಗೋ ಎರಡನೆಯ ಸಲವೆಂಬುದಿಲ್ಲ. ಧಾರೆಯ ಮುಹೂರ್ತವು ಅಡುಗೆಯವನ ಗಾಡಿ ಕೆಟ್ಟಿತೆಂದು ಒಂದು ಗಳಿಗೆಯೂ ಮುಂದಕ್ಕೆ ಹೋಗುವುದಿಲ್ಲವಷ್ಟೆ.

ಆಗ ನನಗೆ ತೋರಿದುದೇನೆಂದರೆ, ಕಣ್ಣಿಗೆ ಕಾಣದುದನ್ನು ಯಾವ ಆಧಾರದ ಮೇಲೆ ನಂಬಬೇಕೆಂಬ ಪ್ರಶ್ನೆಯು, ಪರಲೋಕವನ್ನೂ ಪುಣ್ಯಪಾಪಗಳನ್ನೂ ಕುರಿತು ನಮ್ಮ ಹಿರಿಯರು ಕೇಳಿದ ಪ್ರಶ್ನೆಯೇ, ಹಳೆಯ ವಾಹನಗಳ ಆ ಧೂಳಿನ ಅಂಗಳದಲ್ಲಿ ಮೈವೆತ್ತು ನಿಂತಿತ್ತೆಂಬುದು. ನಾವು ನೋಡಹೊರಟದ್ದು ಓಮ್ನಿ. 1984ರಲ್ಲಿ ಮಾರುತಿ ವ್ಯಾನೆಂಬ ಹೆಸರಿನಿಂದ ಬಂದು, 796 ಸಿಸಿಯ ಮೂರು ಸಿಲಿಂಡರಿನ ಪುಟ್ಟ ಇಂಜಿನ್ನನ್ನು ಹೊತ್ತು, ಜಾರುಬಾಗಿಲುಗಳೊಂದಿಗೆ ಹಾಲಿನವನಿಗೂ ಶಾಲೆಯ ಮಕ್ಕಳಿಗೂ ರೋಗಿಗಳಿಗೂ ಸಮಾನವಾಗಿ ಸೇವೆ ಸಲ್ಲಿಸಿದ ಈ ವಾಹನದ ತಯಾರಿಕೆಯು 2019ರಲ್ಲಿ ನಿಂತುಹೋಯಿತು. ಆದ್ದರಿಂದ ಈಗ ಲೋಕದಲ್ಲಿರುವ ಓಮ್ನಿಯೆಲ್ಲವೂ ಯಾರೋ ಒಬ್ಬರು ಬಳಸಿ ಬಿಟ್ಟದ್ದೇ. ಅದರ ಇಂಜಿನ್ನು ಮುಂದಿನ ಆಸನದ ಅಡಿಯಲ್ಲಿದೆ; ಸೀಟನ್ನು ಎತ್ತದ ಹೊರತು ಕಾಣದು. ಯಾವುದನ್ನು ನಂಬಿ ಹೊರಟಿರುವನೋ ಅದರ ಮೇಲೆಯೇ ಕುಳಿತು, ಅದನ್ನೇ ಕಾಣದೆ ಮುಂದೆ ಸಾಗುವವನ ಈ ಸ್ಥಿತಿಯು ವೇದಾಂತಿಗಳಿಗೆ ಒಳ್ಳೆಯ ದೃಷ್ಟಾಂತವಾಗಬಲ್ಲುದು.

ಪ್ರತ್ಯಕ್ಷವೊಂದೇ ಪ್ರಮಾಣವೆಂಬ ಚಾರ್ವಾಕನ ಮಾತನ್ನು ಹಿಡಿದರೆ, ಆ ಅಂಗಳದಲ್ಲಿದ್ದ ಗಾಡಿಗಳೆಲ್ಲವೂ ಶ್ರೇಷ್ಠವೇ. ಹೊಸ ಬಣ್ಣ, ಹೊಸ ಸೀಟ್ ಕವರು, ಮುಂದೆ ನಿಂಬೆಹಣ್ಣು ಮೆಣಸಿನಕಾಯಿಗಳ ಮಾಲೆ. ಶುಕ್ತಿಯಲ್ಲಿ ರಜತವನ್ನು ಕಾಣುವ ಭ್ರಮೆಗೆ ಬೆಳಕು ದೂರಗಳ ದೋಷವಾದರೂ ಬೇಕು. ಇಲ್ಲಿ ಟಿಂಕರಿಂಗಿನವನು ತಾನೇ ಕುಳಿತು ಚಿಪ್ಪಿಗೆ ಬೆಳ್ಳಿಯನ್ನು ಬಳಿದಿರುವನು. ತುಕ್ಕು ತಿಂದ ತಗಡಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಕಣ್ಣಿಗೆ ಭೇದ ತಿಳಿಯದು. ನಾವು ಜೊತೆಗೆ ಕರೆದೊಯ್ದಿದ್ದ ಆ ಗ್ಯಾರೇಜಿನ ಮೇಸ್ತ್ರಿಯು ಜೇಬಿನಿಂದ ಒಂದು ಸಣ್ಣ ಅಯಸ್ಕಾಂತವನ್ನು ತೆಗೆದು ಬಾಗಿಲ ಕೆಳಗಣ ಅಂಚಿನಲ್ಲಿ ಹಿಡಿದನು. ಅದು ಅಂಟಿಕೊಳ್ಳದೆ ಕೆಳಕ್ಕೆ ಬಿತ್ತು. ಅಲ್ಲಿದ್ದುದು ಕಬ್ಬಿಣವಲ್ಲ. ಒಂದು ಗಾಡಿಯ ವಿಚಾರವು ಅಷ್ಟಕ್ಕೇ ಮುಗಿಯಿತು.

ಅನುಮಾನ ಪ್ರಮಾಣವು ಇದಕ್ಕಿಂತ ರಸವತ್ತಾದದ್ದು. ಆದರೆ ಅದರಲ್ಲಿ ನಮ್ಮವರು ಹಿಂದಿನಿಂದಲೂ ಒಂದು ಗೋಜಲನ್ನು ಮಾಡಿಕೊಂಡು ಬಂದಿದ್ದಾರೆ. ನನ್ನ ತಂದೆಯವರೊಡನೆ ಬಾಲ್ಯದಲ್ಲಿ ದನಗಳ ಜಾತ್ರೆಗೆ ಹೋಗುತ್ತಿದ್ದೆನು. ಟವೆಲ್ಲಿನ ಮರೆಯಲ್ಲಿ ಒಬ್ಬರ ಬೆರಳನ್ನೊಬ್ಬರು ಹಿಡಿದು, ಬಾಯಿಬಿಡದೆ ಬೆಲೆ ಕಟ್ಟುವ ವ್ಯಾಪಾರವನ್ನು ಅಲ್ಲಿ ಬೆರಗಿನಿಂದ ನೋಡಿದ್ದೇನೆ. ಎತ್ತನ್ನು ಕೊಳ್ಳುವವನು ಎರಡು ವಿಷಯಗಳನ್ನು ನೋಡುವನು: ಹಲ್ಲನ್ನು ಮತ್ತು ಸುಳಿಯನ್ನು. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿತೋ ಎಂಬುದರಿಂದ ವಯಸ್ಸು ತಿಳಿಯುತ್ತದೆ. ಹಲ್ಲಿಗೂ ವಯಸ್ಸಿಗೂ ವ್ಯಾಪ್ತಿಯುಂಟು, ಎಂದರೆ ತಪ್ಪದ ಸಂಬಂಧವುಂಟು; ಅದು ಎಲ್ಲ ಎತ್ತುಗಳಲ್ಲಿಯೂ ಹಾಗೆಯೇ. ಸುಳಿಯೆಂಬುದು ಮೈಮೇಲಿನ ಕೂದಲು ತಿರುಗಿದ ಗುರುತು. ಇಂಥ ಕಡೆ ಸುಳಿಯಿದ್ದರೆ ಮನೆಗೆ ಸಂಪತ್ತು, ಇಂಥ ಕಡೆಯಿದ್ದರೆ ಯಜಮಾನನಿಗೆ ಹಾನಿಯೆಂದು ಹೇಳುವರು. ಸುಳಿಗೂ ಉಳುವ ಶಕ್ತಿಗೂ ಯಾವ ವ್ಯಾಪ್ತಿಯನ್ನೂ ನಾನು ಕಾಣಲಿಲ್ಲ. ಆದರೂ ಒಳ್ಳೆಯ ಹಲ್ಲಿನ ಎತ್ತುಗಳು ಕೆಟ್ಟ ಸುಳಿಯ ದೆಸೆಯಿಂದ ಮಾರಾಟವಾಗದೆ ಸಂಜೆ ಮನೆಗೆ ಮರಳಿದುದನ್ನೂ ಕಂಡಿದ್ದೇನೆ.

ವ್ಯಾನಿನಲ್ಲಿಯೂ ಹಲ್ಲುಂಟು, ಸುಳಿಯುಂಟು. ಮೀಟರು ನಲವತ್ತು ಸಾವಿರ ಕಿಲೋಮೀಟರನ್ನು ತೋರಿಸುತ್ತಿರುವಾಗ ಕ್ಲಚ್ ಪೆಡಲಿನ ರಬ್ಬರು ನುಣ್ಣಗೆ ಸವೆದು ಲೋಹವು ಕಾಣುತ್ತಿದ್ದರೆ, ಮೀಟರನ್ನು ತಿರುಗಿಸಿದ್ದಾರೆಂದು ತಿಳಿಯತಕ್ಕದ್ದು. ಮೀಟರನ್ನು ತಿರುಗಿಸುವವನಿಗೆ ಪೆಡಲಿನ ನೆನಪು ಬರುವುದಿಲ್ಲ, ಬಂದರೂ ಆಗ ಹೊಚ್ಚ ಹೊಸ ರಬ್ಬರು ಹಳೆಯ ಗಾಡಿಯಲ್ಲಿ ಕುಳಿತು ತಾನೇ ಸಾಕ್ಷಿ ನುಡಿಯುತ್ತದೆ. ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಚಕ್ರಗಳ ಜೋಡಣೆ ತಪ್ಪಿದೆ, ಕೆಲವೊಮ್ಮೆ ಗಾಡಿಯು ಎಲ್ಲಿಯೋ ಗುದ್ದಿದೆ. ಆಯಿಲ್ ಹಾಕುವ ಮುಚ್ಚಳದ ಒಳಮೈಯಲ್ಲಿ ಹಾಲು ಬೆರೆಸಿದ ಕಾಫಿಯಂಥ ಜಿಡ್ಡಿದ್ದರೆ ಆಯಿಲಿಗೆ ನೀರು ಸೇರಿದೆ. ಇವು ಹಲ್ಲುಗಳು. ಇನ್ನು ಬಣ್ಣದ ಹೊಳಪು, ಹಾಡಿನ ಪೆಟ್ಟಿಗೆಯ ಸದ್ದು, ನಂಬರಿನ ಅಂಕೆಗಳನ್ನು ಕೂಡಿದರೆ ಒಂಬತ್ತಾಗುತ್ತದೆಂಬ ಸಂತೋಷ, ಇವು ಸುಳಿಗಳು. ನನ್ನ ತಮ್ಮನ ಮಗನು ಒಂಬತ್ತನ್ನು ಬಹಳವಾಗಿ ಬಯಸಿದ್ದನೆಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಎರಡನೆಯ ದಿನ ನೋಡಿದ ಗಾಡಿಯು ಎಲ್ಲ ವಿಧದಲ್ಲಿಯೂ ಒಪ್ಪುವಂತಿತ್ತು. ಕೀಲಿಯನ್ನು ತಿರುಗಿಸಿದೊಡನೆ ಇಂಜಿನ್ನು ಮುದ್ದಾಗಿ ಗುನುಗತೊಡಗಿತು. ಹುಡುಗನ ಮುಖವು ಅರಳಿತು. ಮೇಸ್ತ್ರಿಯು ಮಾತ್ರ ಇಂಜಿನ್ನನ್ನು ನಿಲ್ಲಿಸಿ, ಸೀಟನ್ನೆತ್ತಿ, ಅಂಗೈಯನ್ನು ಹತ್ತಿರ ಹಿಡಿದು, ನನ್ನ ಕಡೆಗೆ ತಿರುಗಿ ತಗ್ಗಿದ ದನಿಯಲ್ಲಿ "ಬಿಸಿ ಐತೆ ಮೇಷ್ಟ್ರೇ, ನಾವು ಬರೋಕೆ ಮುಂಚೇನೆ ಸ್ಟಾರ್ಟ್ ಮಾಡಿ ಇಟ್ಟವ್ರೆ" ಎಂದನು. ತಣ್ಣಗಿರುವ ಇಂಜಿನ್ನು ಮಾತ್ರ ತನ್ನ ರೋಗವನ್ನು ಹೇಳಿಕೊಳ್ಳುತ್ತದಂತೆ. ಬಿಸಿಯಾದದ್ದು ಸುಳ್ಳನ್ನು ಕಲಿತಿರುತ್ತದೆ. ಮರುದಿನ ಬೆಳಗ್ಗೆ ಆರು ಗಂಟೆಗೆ, ಹೇಳದೆ ಕೇಳದೆ ಹೋಗಿ ನಿಂತೆವು. ಆ ಗಾಡಿಯು ಒಂಬತ್ತನೆಯ ಸಲಕ್ಕೆ, ನೀಲಿಯ ಹೊಗೆಯನ್ನು ಕಾರುತ್ತ ಎದ್ದಿತು. ಹುಡುಗನಿಗೆ ಬೇಕಾದ ಒಂಬತ್ತು ಅಲ್ಲಿ ದೊರೆಯಿತು.

ಜ್ಞಾನದ ಪ್ರಾಮಾಣ್ಯವನ್ನು ಕುರಿತು ಮೀಮಾಂಸಕರಿಗೂ ನೈಯಾಯಿಕರಿಗೂ ನಡೆದ ಹಳೆಯ ವಿವಾದವು ಆ ಬೆಳಗ್ಗೆ ನನಗೆ ನೆನಪಾಯಿತು. ಜ್ಞಾನವು ತನ್ನಷ್ಟಕ್ಕೆ ತಾನೇ ಪ್ರಮಾಣ, ದೋಷವು ಕಂಡುಬಂದ ಪಕ್ಷದಲ್ಲಿ ಮಾತ್ರ ಅದನ್ನು ತಳ್ಳತಕ್ಕದ್ದು ಎನ್ನುವರು ಮೀಮಾಂಸಕರಾದ ಕುಮಾರಿಲರು. ಹಾಗಲ್ಲ, ಆ ಜ್ಞಾನವನ್ನು ಅನುಸರಿಸಿ ನಡೆದಾಗ ಕಾರ್ಯವು ಫಲಿಸಿದರೆ ಆಗ ಅದು ಪ್ರಮಾಣವೆಂದು ಗೊತ್ತಾಗುವುದು ಎನ್ನುವರು ನೈಯಾಯಿಕರು. ಮರೀಚಿಕೆಯೋ ನೀರೋ ಎಂಬುದು ದಾಹವು ತಣಿದ ಮೇಲೆ ನಿಶ್ಚಯ. ಮಾರುವವನೆಲ್ಲನೂ ಕೊಳ್ಳುವವನು ಕುಮಾರಿಲರ ಶಿಷ್ಯನಾಗಿರಲೆಂದು ಬಯಸುವನು: ದೋಷವು ಕಾಣುತ್ತಿಲ್ಲವಷ್ಟೆ, ಹಾಗಾದರೆ ನಂಬು. ಕೊಳ್ಳುವವನು ನೈಯಾಯಿಕನಾಗಿಯೇ ಬಂದಿರುವನು; ಆದರೆ ಅವನ ಸಂಕಟವೇನೆಂದರೆ, ಕಾರ್ಯವು ಫಲಿಸುವುದೋ ಇಲ್ಲವೋ ಎಂಬ ಪರೀಕ್ಷೆಯು ಹಣವನ್ನು ಎಣಿಸಿಕೊಟ್ಟ ಮೇಲೆಯೇ ಆರಂಭವಾಗತಕ್ಕದ್ದು. ಸಂದೇಹವನ್ನು ಬಿಡದೆ ಬೆಳೆಸುತ್ತ ಹೋಗೋಣವೆಂದರೆ ಅದಕ್ಕೂ ನೈಯಾಯಿಕರೇ ಆದ ಉದಯನಾಚಾರ್ಯರ ಒಂದು ಎಚ್ಚರಿಕೆಯುಂಟು: ಸಂಶಯಕ್ಕೆ ಮೇರೆಯಿದೆ, ಅದು ನಮ್ಮ ನಡೆಯೊಡನೆಯೇ ವಿರೋಧಿಸಿದಲ್ಲಿ ಅದರ ಓಟ ನಿಲ್ಲಬೇಕು. ಎಲ್ಲ ವ್ಯಾನುಗಳನ್ನೂ ಸಂಶಯಿಸುವವನು ಸಂಜೆ ಮತ್ತೆ ಬಾಡಿಗೆಯ ಗಾಡಿಗೇ ಫೋನು ಮಾಡುವನಾದರೆ, ಅದರ ಬ್ರೇಕನ್ನು ಅವನು ಪರೀಕ್ಷಿಸಿದ್ದಾನೆಯೆ?

ನಮ್ಮ ಧರ್ಮಶಾಸ್ತ್ರಕಾರರು ಈ ಸಂಕಟವನ್ನು ನನಗಿಂತ ಚೆನ್ನಾಗಿ ಅರಿತಿದ್ದರು. ಕೊಳ್ಳುವವನು ಮೊದಲು ತಾನೇ ಗುಣದೋಷಗಳನ್ನು ಪರೀಕ್ಷಿಸತಕ್ಕದ್ದು, ಪರೀಕ್ಷಿಸಿ ಒಪ್ಪಿ ಕೊಂಡದ್ದನ್ನು ಹಿಂದಿರುಗಿಸುವಂತಿಲ್ಲ ಎಂಬುದು ನಾರದಸ್ಮೃತಿಯ ಮತ. ಆದರೆ ಪರೀಕ್ಷೆಗೆ ಕಾಲವೆಷ್ಟು? ಯಾಜ್ಞವಲ್ಕ್ಯಸ್ಮೃತಿಯು ಅದನ್ನು ವಸ್ತುವಿಗೆ ತಕ್ಕಂತೆ ವಿಧಿಸಿದೆ: ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ರತ್ನಕ್ಕೆ 7 ದಿನ, ಹಾಲು ಕರೆಯುವ ಪಶುವಿಗೆ 3 ದಿನ, ಭಾರ ಹೊರುವ ಎತ್ತು ಮೊದಲಾದವಕ್ಕೆ 5 ದಿನ. ಅದೇ ಶ್ಲೋಕದಲ್ಲಿ ದಾಸದಾಸಿಯರನ್ನು ಪರೀಕ್ಷಿಸುವ ದಿನಗಳ ಲೆಕ್ಕವೂ ಇದೆಯೆಂಬುದನ್ನು ಹೇಳದೆ ಮುಂದೆ ಹೋದರೆ ನಾನೂ ಬಣ್ಣ ಬಳಿಯುವವನಾಗುವೆನು. ಓದುವಾಗ ತಲೆ ತಗ್ಗಿಸಬೇಕಾದ ಎಡೆಯದು. ಆದರೂ ಎತ್ತಿಗೆ ಐದು ದಿನವೆಂಬ ವಿಧಿಯಲ್ಲಿನ ವಿವೇಕವು ದೊಡ್ಡದು. ಬೆಲೆಗೂ ಪಶ್ಚಾತ್ತಾಪಕ್ಕೂ ನಡುವೆ ಶಾಸ್ತ್ರವು ಐದು ದಿನಗಳ ಒಂದು ಅಂಗಳವನ್ನು ಬಿಟ್ಟುಕೊಟ್ಟಿತು. ನೈಯಾಯಿಕನು ಅಲ್ಲಿ ನಿಂತು ಕಾರ್ಯವು ಫಲಿಸುವುದನ್ನು ನೋಡಬಹುದಾಗಿತ್ತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿಯೇ ಕುಳಿತು ವಿಜ್ಞಾನೇಶ್ವರನು ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದದ್ದು ಈ ಸ್ಮೃತಿಗೇ. ಇಂದು ವ್ಯಾನನ್ನು ಕೊಳ್ಳುವ ಬಡವನಿಗೆ ದೊರೆಯುವುದು ಸರ್ಕಲ್ಲಿನವರೆಗೆ ಒಂದು ಸುತ್ತು. ಅದೂ ಮಾರುವವನು ಪಕ್ಕದಲ್ಲಿ ಕುಳಿತು ಮಾತನಾಡುತ್ತಿರುವಾಗ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುವುದಕ್ಕೆ ಓದುಗರ ಅಪ್ಪಣೆ ಬೇಡುವೆನು. ಮೂರನೆಯ ಗಾಡಿಯ ದಲ್ಲಾಳಿಯು, ಇಂಜಿನ್ನು ಬದಲಾಯಿಸಿದ್ದು, ಡೋರು ಬದಲಾಯಿಸಿದ್ದು, ಗೇರ್ ಬಾಕ್ಸು ಬೇರೆ ಹಾಕಿಸಿದ್ದು ಎಂದು ಹೆಮ್ಮೆಯಿಂದ ಹೇಳುತ್ತ ಹೋದಂತೆ, ಹಾಗಾದರೆ ನಾವು ಕೊಳ್ಳಬೇಕಾದ ಆ ವ್ಯಾನು ಯಾವುದು ಎಂಬ ಶಂಕೆಯು ನನ್ನನ್ನು ಹಿಡಿಯಿತು. ಮಿಲಿಂದಪ್ರಶ್ನದಲ್ಲಿ ಭಿಕ್ಷು ನಾಗಸೇನನು ಯವನರಾಜನನ್ನು ಇದನ್ನೇ ಕೇಳಿದನಷ್ಟೆ: ಅಚ್ಚು ರಥವೆ, ಗಾಲಿ ರಥವೆ, ನೊಗ ರಥವೆ? ಯಾವುದೂ ಅಲ್ಲ, ರಥವೆಂಬುದು ವ್ಯವಹಾರಕ್ಕಾಗಿ ಇಟ್ಟ ಹೆಸರು ಎಂಬಲ್ಲಿಗೆ ಆ ಸಂವಾದವು ನಿಲ್ಲುತ್ತದೆ. ನಮ್ಮ ಆರ್‌ಟಿಓ ಕಚೇರಿಯವರು ನಾಗಸೇನನನ್ನು ಒಪ್ಪುವುದಿಲ್ಲ. ಅವರ ದರ್ಶನದಲ್ಲಿ ವಾಹನಕ್ಕೆ ಆತ್ಮವುಂಟು. ಅದು ಶಾಸಿಯ ಮೇಲೆ ಕೆತ್ತಿದ ನಂಬರು. ಆರ್‌ಸಿಯಲ್ಲಿನ ನಂಬರಿಗೂ ಅದಕ್ಕೂ ಒಂದಕ್ಷರ ಬೇರೆಯಿದ್ದರೂ ಗಾಡಿಯನ್ನು ಮುಟ್ಟಕೂಡದು. ಒಡೆಯನ ವಿಷಯದಲ್ಲಿಯೂ ಹಾಗೆಯೇ: ಹಣ ಕೊಟ್ಟವನು, ಓಡಿಸುವವನು ಯಾರೇ ಆಗಿರಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಅಪಘಾತದ ಹೊಣೆಗೆ ಒಡೆಯನೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಮಾನಿಸಿತು. ಆದಕಾರಣ ಫಾರಂ 29, 30ಗಳಿಗೆ ರುಜು ಮಾಡಿಸಿ ಹೆಸರನ್ನು ವರ್ಗಾಯಿಸದೆ ಗಾಡಿಯನ್ನು ಕೊಟ್ಟುಬಿಡುವವನು ಸಂಸಾರವನ್ನು ಬಿಟ್ಟೆನೆಂದು ತಿಳಿದಿರುವನೇ ಹೊರತು, ಸಂಸಾರವು ಅವನನ್ನು ಬಿಟ್ಟಿರುವುದಿಲ್ಲ. ಸಾಲದ ಗಾಡಿಯಾದರೆ ಬ್ಯಾಂಕಿನ ಹೆಸರೂ ಆರ್‌ಸಿಯಲ್ಲಿ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಫಾರಂ 35 ಬೇಕು.

ಇನ್ನು ಶಬ್ದಪ್ರಮಾಣ. ನ್ಯಾಯಸೂತ್ರಗಳ ಕರ್ತೃವಾದ ಗೌತಮನ ಮತದಲ್ಲಿ ಆಪ್ತನ ಉಪದೇಶವೇ ಶಬ್ದ. ಆಪ್ತನೆಂದರೆ ಯಾರು? ಭಾಷ್ಯಕಾರನಾದ ವಾತ್ಸ್ಯಾಯನನು ಮೂರು ಲಕ್ಷಣಗಳನ್ನು ಹೇಳುವನು: ವಿಷಯವನ್ನು ತಾನು ಸಾಕ್ಷಾತ್ತಾಗಿ ಕಂಡವನು, ಪ್ರಾಣಿಗಳಲ್ಲಿ ದಯೆಯುಳ್ಳವನು, ಇದ್ದುದನ್ನು ಇದ್ದಂತೆ ತಿಳಿಸಲು ಬಯಸುವವನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಬೇರೆ ಹೇಳಿದ್ದಾನೆ; ಪ್ರಾಚೀನ ಗ್ರಂಥಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಮಾತುಗಳಲ್ಲಿ ಅದೊಂದು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ನಮ್ಮ ಮೇಸ್ತ್ರಿಯು ಆ ಲಕ್ಷಣದೊಳಗೆ ಸಲೀಸಾಗಿ ಹೊಗುವನು, ದೊಡ್ಡ ದೊಡ್ಡ ಅಂಗಡಿಗಳ ಮಾಲೀಕರು ಹೊರಗುಳಿಯುವರು. ಸಂತೆಯ ವ್ಯವಸ್ಥೆಯಲ್ಲಿ ಈ ಮೂರು ಗುಣಗಳು ಒಬ್ಬನಲ್ಲಿಯೇ ಸೇರುವುದು ಅಪರೂಪ. ಗಾಡಿಯನ್ನು ಸಾಕ್ಷಾತ್ತಾಗಿ ಬಲ್ಲವನು ಮಾರುವವನು, ಅವನಿಗೆ ತಿಳಿಸುವ ಇಚ್ಛೆಯಿಲ್ಲ. ದಯೆಯುಳ್ಳವನು ನನ್ನಂಥ ಬಂಧು, ಅವನಿಗೆ ಜ್ಞಾನವಿಲ್ಲ. ಸರ್ಕಾರದ ಎಫ್‌ಸಿಯಾದರೂ ಆಪ್ತವಾಕ್ಯವಲ್ಲವೆ ಎಂದರೆ, ಬಾಡಿಗೆ ವ್ಯಾಪಾರಗಳ ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ಅದನ್ನು ಮಾಡಿಸಬೇಕೆಂಬ ನಿಯಮವೇ, ಅದು ಪರೀಕ್ಷೆಯ ದಿನದ ಮಾತೆಂಬುದನ್ನು ಒಪ್ಪಿಕೊಂಡಂತಿದೆ.

ಮಾರುವವನು ಸುಳ್ಳು ಹೇಳಿದರೆ ನಷ್ಟವು ಕೊಳ್ಳುವವನದೆಂದು ಲೋಕವು ಎಣಿಸುವುದು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫರು 1970ರಲ್ಲಿ ಬರೆದ ಪ್ರಬಂಧವೊಂದು, ಹಳೆಯ ಕಾರುಗಳ ಸಂತೆಯನ್ನೇ ದೃಷ್ಟಾಂತವಾಗಿ ಹಿಡಿದು, ಆ ನಷ್ಟವು ಮೂರನೆಯವನೊಬ್ಬನನ್ನು ಹೇಗೆ ತಾಗುತ್ತದೆಂಬುದನ್ನು ತೋರಿಸಿತು. ಮುಂದೆ 2001ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರವೂ ಬಂದಿತು. ಒಳ್ಳೆಯದಾವುದು ಕೆಟ್ಟದ್ದಾವುದು ತಿಳಿಯದ ಕೊಳ್ಳುವವನು ಎಲ್ಲಕ್ಕೂ ನಡುವಣ ಬೆಲೆಯನ್ನೇ ಕಟ್ಟುವನು. ಒಳ್ಳೆಯ ಗಾಡಿಯುಳ್ಳವನು ಆ ಬೆಲೆ ಹಿಡಿಸದೆ ಸಂತೆಯಿಂದ ಹಿಂದೆಗೆಯುವನು. ಉಳಿದವುಗಳಲ್ಲಿ ಕೆಟ್ಟವೇ ಹೆಚ್ಚಾಗಿ ಬೆಲೆ ಇನ್ನೂ ಇಳಿಯುವುದು. ಸುಳ್ಳುಗಾರನು ಹೀಗೆ ತನ್ನ ಗಿರಾಕಿಯನ್ನು ಮಾತ್ರವಲ್ಲ, ತಾನು ಎಂದೂ ಕಾಣದ ಸತ್ಯವಂತನನ್ನೂ ದೋಚಿದಂತಾಯಿತು. ಅದೇ ಪ್ರಬಂಧದಲ್ಲಿ ನಮ್ಮ ದೇಶದ ಪೇಟೆಯ ಅಕ್ಕಿಯ ಮಾತೂ ಬರುತ್ತದೆ: ಅಕ್ಕಿಯ ಬಣ್ಣದವೇ ಆದ ಕಲ್ಲುಗಳನ್ನು ಬೇಕೆಂದೇ ಬೆರೆಸಿರುವುದರಿಂದ ಗೃಹಿಣಿಯು ಕುಳಿತು ಅದನ್ನು ಆರಿಸಬೇಕಾಗಿರುವುದು. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ನಮ್ಮ ತಾಯಿಯ ಮಧ್ಯಾಹ್ನಗಳನ್ನೆಲ್ಲ ಕೂಡಿದರೆ ಎಷ್ಟು ವರ್ಷಗಳಾಗುವುವೋ! ಅವು ಯಾವನೋ ವರ್ತಕನ ಸುಳ್ಳಿಗೆ ಆಕೆ ತೆತ್ತ ತೆರಿಗೆ. ದೋಷವಿರುವುದನ್ನು ದೋಷವಿಲ್ಲದ್ದೆಂದು ಮಾರಿದವನಿಗೆ ಯಾಜ್ಞವಲ್ಕ್ಯನು ಮೌಲ್ಯದ ಇಮ್ಮಡಿ ದಂಡವನ್ನು ವಿಧಿಸಿದ್ದು ನನಗೆ ಅತಿಯೆಂದು ತೋರುವುದಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ, ಜಡೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವಷ್ಟು ಅಚಲನಾಗಿ ತಪಸ್ಸು ಮಾಡಿದ ಜಾಜಲಿಯು ಧರ್ಮವನ್ನು ಕಲಿಯಲು ಕಾಶಿಯ ವರ್ತಕ ತುಲಾಧಾರನ ಅಂಗಡಿಗೆ ಹೋಗಬೇಕಾಯಿತೆಂಬ ಕಥೆಯನ್ನು ಪಾಠದಲ್ಲಿ ಹೇಳುವಾಗ, ಅದನ್ನು ವಿನಯದ ಕಥೆಯೆಂದು ಹೇಳುತ್ತಿದ್ದೆನು. ಅದು ತಕ್ಕಡಿಯ ಕಥೆಯೇ ಸರಿಯೆಂದು ಈಗ ತೋರುತ್ತದೆ.

ಐದನೆಯ ಗಾಡಿಯು ಒಬ್ಬ ಬೇಕರಿಯವನದು. ಬ್ರೆಡ್ಡು ಬನ್ನುಗಳನ್ನು ಊರೂರಿಗೆ ಹಂಚುತ್ತಿದ್ದದ್ದು, 2014ರ ಮಾದರಿಯ ಕಾರ್ಗೋ, ಹಳದಿ ಬೋರ್ಡು. ಬಣ್ಣ ಮಾಸಿತ್ತು. ಜಾರುಬಾಗಿಲ ಹಳಿಯಲ್ಲಿ ತುಕ್ಕು ಕಾಣುತ್ತಿತ್ತು, ಯಾರೂ ಅದನ್ನು ಮುಚ್ಚಿರಲಿಲ್ಲ. ಬೆಳಗಿನ ಚಳಿಯಲ್ಲಿ, ಮುಟ್ಟಿದರೆ ತಣ್ಣಗಿದ್ದ ಇಂಜಿನ್ನು ಎರಡನೆಯ ಸಲಕ್ಕೆ ಎದ್ದಿತು, ಹೊಗೆಗೆ ಬಣ್ಣವಿರಲಿಲ್ಲ. ನಂಬರಿನ ಮೊತ್ತವು ಎಂಟು. ಮೇಸ್ತ್ರಿಯು ಗಾಡಿಯ ಅಡಿಯಲ್ಲಿ ಮಲಗಿ ನೋಡುತ್ತಿರುವಾಗ, ನಾವು ಏನನ್ನೂ ಕೇಳುವುದಕ್ಕೆ ಮುಂಚೆಯೇ, ಆ ಬೇಕರಿಯವನು ಹುಡುಗನಿಗೆ "ಎರಡನೇ ಗೇರು ಹಾಕುವಾಗ ಸ್ವಲ್ಪ ಒರಟು ಕಣಪ್ಪ, ಒಂದು ಗಳಿಗೆ ತಡೆದು ಹಾಕಬೇಕು, ಅವಸರ ಮಾಡಿದರೆ ಕಿರುಗುಟ್ಟುತ್ತೆ" ಎಂದನು. ಹುಡುಗನು ನನ್ನ ಮುಖವನ್ನು ನೋಡಿದನು. ದೋಷವನ್ನು ಕೇಳಿ ಅವನಿಗೆ ಹಿಂಜರಿಕೆಯಾಗಿತ್ತು. ನನಗಾದರೋ ನ್ಯಾಯಸೂತ್ರದ ಎರಡನೆಯ ಅಧ್ಯಾಯವು ನೆನಪಾಗುತ್ತಿತ್ತು. ವೇದವನ್ನು ಏಕೆ ನಂಬಬೇಕೆಂಬ ಪ್ರಶ್ನೆಗೆ ಅಲ್ಲಿ ಬರುವ ಉತ್ತರವು ಮಂತ್ರ ಮತ್ತು ಆಯುರ್ವೇದಗಳ ದೃಷ್ಟಾಂತವನ್ನು ಹಿಡಿಯುತ್ತದೆ: ಕೊಟ್ಟ ಔಷಧವು ರೋಗವನ್ನು ಕಳೆದುದನ್ನು ನಾವು ಕಂಡಿರುವೆವು; ಪರೀಕ್ಷೆಗೆ ಸಿಕ್ಕುವ ವಿಷಯದಲ್ಲಿ ಸತ್ಯವನ್ನೇ ಹೇಳಿದ ಆಪ್ತನು ಪರೀಕ್ಷೆಗೆ ಸಿಕ್ಕದ ವಿಷಯದಲ್ಲಿಯೂ ಸತ್ಯವನ್ನೇ ಹೇಳಿರುವನು. ಸ್ವರ್ಗದವರೆಗೂ ಕಟ್ಟಿದ ಆ ಸೇತುವೆಯು ಅಷ್ಟು ದೂರಕ್ಕೆ ತಾಳುವುದೋ ಇಲ್ಲವೋ ಎಂಬುದರಲ್ಲಿ ನನಗೆ ಬಹುಕಾಲದಿಂದ ಅನುಮಾನವುಂಟು. ಒಂದು ಗೇರ್ ಬಾಕ್ಸಿನಿಂದ ಇನ್ನುಳಿದ ಇಂಜಿನ್ನಿನವರೆಗೆ ಅದು ತಾಳುವುದೆಂದು ತೋರಿತು. ತನ್ನ ಬೆಲೆಯನ್ನು ತಾನೇ ತಗ್ಗಿಸಿಕೊಳ್ಳುವ ಮಾತನ್ನು ಕೇಳದೆಯೇ ಹೇಳಿದವನಲ್ಲಿ ಮೂರು ಲಕ್ಷಣಗಳೂ ಇದ್ದುವು. "ತೆಗೆದುಕೊ" ಎಂದೆನು.

1,38,000 ರೂಪಾಯಿಗೆ ಮಾತು ಮುಗಿಯಿತು. ಉಳಿದ ಹಣದಲ್ಲಿ ಎರಡು ಟೈರು ಹಾಕಿಸಿ, ವಿಮೆಯನ್ನೂ ಹೆಸರನ್ನೂ ಆ ತಿಂಗಳಲ್ಲಿಯೇ ವರ್ಗಾಯಿಸಿದೆವು. ಅನಂತರ ಎರಡು ಆಯುಧಪೂಜೆಗಳು ಕಳೆದಿವೆ, ಚಕ್ರದಡಿಯಲ್ಲಿ ನಿಂಬೆಹಣ್ಣುಗಳು ನಜ್ಜಾಗಿವೆ, ಬಳೆಗಳು ಅಡವಿನಿಂದ ಮನೆಗೆ ಬಂದಿವೆ. ಕಳೆದ ವಾರ ತಿಪಟೂರಿನ ಒಂದು ಮದುವೆಗೆ ನಾನೂ ಅದರಲ್ಲಿ, ಕೊಪ್ಪರಿಗೆಗಳ ಮುಂದೆ ಕುಳಿತು ಹೋಗಿದ್ದೆನು. ಎರಡನೆಯ ಗೇರು ಈಗಲೂ ಒರಟು; ಒಂದು ಗಳಿಗೆ ತಡೆದು ಹಾಕಬೇಕು.